ಹನ್ನೊಂದು ನಿಮಿಷ ಮುಂದಿದ್ದ ವಾಚು

ಮಂಡ್ಯ ತಾಲ್ಲೂಕಿನಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರನ್ನು ನಂಬಿ ಕಬ್ಬು, ಭತ್ತ ಬೆಳೆಯುವ ನನ್ನ ಸೋದರಮಾವನವರು ಮೈಸೂರಿನ ನಮ್ಮ ಮನೆಗೆ ಬಂದಿದ್ದಾಗ, ಊಟಕ್ಕೆ ಕೂರುವ ಮೊದಲು ಕೈತೊಳೆಯಲು ಹೋಗಿ ವಾಚನ್ನು ಬಿಚ್ಚಿ ಕಿಟಕಿಯ ಮೇಲಿಟ್ಟರು. ಅದರಲ್ಲಿ ಸಮಯ 1:52 ಎಂದಿತ್ತು. ಗೋಡೆಯ ಗಡಿಯಾರದಲ್ಲಿ ಇನ್ನೂ 1:41. ಏಕೆ ಹೀಗೆ ಎಂದು ಕೇಳಿದ್ದಕ್ಕೆ ಅವರು, "ಹನ್ನೊಂದ್ ನಿಮಿಷ ಕಳ್ಕಂಡು ನೋಡ್ಕಳದು ಕಣಪ್ಪ. ಗುಂಡಿ ಒತ್ತಿದ್ರೆ ಕೇಳದೇ ಇಲ್ಲ ಅದು" ಎಂದು ಹೇಳಿ ಅನ್ನಕ್ಕೆ ಸಾರು ಬಡಿಸಿಕೊಂಡರು. ಅದು ಅವರಿಗೆ ದೂರೇ ಆಗಿರಲಿಲ್ಲ, ಅಭ್ಯಾಸವಾಗಿಹೋಗಿತ್ತು. ಆದರೆ ದಿನವೂ ಬೆಳಗಿನ ಜಾವ ತಪ್ಪದೆ ಕೂಗುವ ಅಲಾರಾಂ ಮಾತ್ರ ಮನೆಯವರಿಗೆಲ್ಲ ಕಾಟವಾಗಿತ್ತು. ಎಂದೋ ಒಮ್ಮೆ ಗದ್ದೆಗೆ ನೀರಿನ ಸರದಿ ಬಂದಾಗ ನಾಲ್ಕೂವರೆಗೆ ಇಟ್ಟಿದ್ದ ಆ ಅಲಾರಾಮನ್ನು ಬದಲಿಸಲು ಬಟನ್ ಕೆಲಸ ಮಾಡದೆ, ನೀರಿರಲಿ ಬಿಡಲಿ, ಅದು ಕೂಗುತ್ತಲೇ ಇತ್ತು. ಅವರು ಊರಿಗೆ ಹೊರಡುವಾಗ ನಾನು ವಾಚನ್ನು ಇಲ್ಲಿಯೇ ಉಳಿಸಿಕೊಂಡೆ.

ವಾಚು ಕ್ಯಾಸಿಯೋ ಎಫ್-91ಡಬ್ಲ್ಯು. 1989ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ ಇದು. ಕಪ್ಪು ರೆಸಿನ್ ಮೈ, ಸುಮಾರು 21 ಗ್ರಾಂ ತೂಕ, ಎಡಗಡೆ ಎರಡು ಮತ್ತು ಬಲಗಡೆ ಒಂದು ಬಟನ್. ಎಡಗಡೆಯ ಮೇಲಿನದನ್ನು ಒತ್ತಿದರೆ ದೀಪ ಹತ್ತುತ್ತದೆ. ಎಡಗಡೆಯ ಕೆಳಗಿನದು ಸಮಯ, ಅಲಾರಾಂ, ಸ್ಟಾಪ್‌ವಾಚ್, ಸಮಯ ಹೊಂದಿಸುವಿಕೆ ಎಂದು ಒಂದೊಂದೇ ವಿಧಾನಕ್ಕೆ ಕರೆದೊಯ್ಯುತ್ತದೆ. ಬಲಗಡೆಯದು 12 ಗಂಟೆ ಮತ್ತು 24 ಗಂಟೆಯ ತೋರಿಕೆಯನ್ನು ಬದಲಿಸುತ್ತದೆ, ಅಂಕಿಗಳನ್ನು ಏರಿಸುತ್ತದೆ. ಮಾವನವರ ವಾಚಿನಲ್ಲಿ ಮೂರೂ ಕೆಟ್ಟಿದ್ದವು, ಆದರೆ ಮೂರೂ ಒಂದೇ ರೀತಿಯಲ್ಲಿ ಕೆಟ್ಟಿರಲಿಲ್ಲ. ದೀಪದ ಬಟನ್ ಹತ್ತು ಸಲ ಒತ್ತಿದರೆ ಎರಡು ಸಲ ಹತ್ತುತ್ತಿತ್ತು. ವಿಧಾನ ಬದಲಿಸುವ ಬಟನ್ ಆರಾಮವಾಗಿ ಒಳಹೋಗಿ ಹೊರಬರುತ್ತಿತ್ತು, ಪರಿಣಾಮ ಮಾತ್ರ ಏನೂ ಇಲ್ಲ. ಬಲಗಡೆಯದು ಒತ್ತಿದರೆ ಒಳಗೇ ಸಿಕ್ಕಿಕೊಳ್ಳುತ್ತಿತ್ತು, ಮೂರು ಸೆಕೆಂಡು ಕಳೆದ ಮೇಲೆ ಸಮಯದ ಜಾಗದಲ್ಲಿ ಕ್ಯಾಸಿಯೋ ಎಂಬ ಹೆಸರು, ಕೊನೆಯ ಅಕ್ಷರ ಮಾತ್ರ ಚಿಕ್ಕದಾಗಿ, ಮೂಡಿ ನಿಂತುಬಿಡುತ್ತಿತ್ತು. ಉಗುರಿನಿಂದ ಬಟನ್ನನ್ನು ಹೊರಗೆಳೆದರೆ ಸಮಯ ಮರಳುತ್ತಿತ್ತು. ಆ ಬಟನ್ನನ್ನು ಮೂರು ಸೆಕೆಂಡು ಒತ್ತಿಹಿಡಿದರೆ ಹೆಸರು ಬರುವುದು ಈ ಮಾದರಿಯ ಸಹಜ ಗುಣ. ವಾಚು ಅಸಲಿಯೋ ನಕಲಿಯೋ ಎಂದು ನೋಡಲು ಹಲವರು ಮಾಡುವ ಪರೀಕ್ಷೆಯೂ ಅದೇ. ಹಾಗಾಗಿ ಮುಚ್ಚಳ ಬಿಚ್ಚುವ ಮೊದಲೇ ಎರಡು ವಿಷಯ ಗೊತ್ತಾದವು: ವಾಚು ಬಹುಮಟ್ಟಿಗೆ ಅಸಲಿಯೇ, ಮತ್ತು ಬಲಗಡೆಯ ಬಟನ್ನಿನ ವಿದ್ಯುತ್ ಸಂಪರ್ಕ ಸರಿಯಾಗಿಯೇ ಇದೆ.

ಬಟನ್ ಎಂದು ನಾವು ಹೊರಗಿನಿಂದ ಒತ್ತುವುದು ಬರಿಯ ಒಂದು ಲೋಹದ ಕಡ್ಡಿ. ಅದಕ್ಕೂ ವಿದ್ಯುತ್ತಿಗೂ ನೇರ ಸಂಬಂಧವಿಲ್ಲ. ಆ ಕಡ್ಡಿಗೆ ಒಂದು ಸಣ್ಣ ಸ್ಪ್ರಿಂಗ್, ನೀರು ತಡೆಯಲು ಒಂದು ರಬ್ಬರ್ ಓ-ರಿಂಗ್, ಕಡ್ಡಿ ಹೊರಬಿದ್ದುಹೋಗದಂತೆ ಒಳತುದಿಯಲ್ಲಿ ಸಿಕ್ಕಿಸಿದ ಸಾಸಿವೆ ಕಾಳಿನಷ್ಟು ಗಾತ್ರದ ಒಂದು ಲಾಕ್, ಇಷ್ಟು ಇರುತ್ತವೆ. ಒತ್ತಿದಾಗ ಕಡ್ಡಿಯ ತುದಿ ಒಳಗಿನ ಯಂತ್ರಭಾಗದ ಅಂಚಿನಲ್ಲಿ ಕೆಳಮುಖವಾಗಿ ಬಾಗಿರುವ ತೆಳುವಾದ ತಗಡಿನ ನಾಲಿಗೆಯೊಂದನ್ನು ತಳ್ಳುತ್ತದೆ. ಆ ನಾಲಿಗೆ ಸೆಲ್ಲನ್ನು ಹಿಡಿದಿರುವ ಹಿಂಬದಿಯ ತಗಡಿನದೇ ಭಾಗವಾದುದರಿಂದ ಸೆಲ್ಲಿನ ಪ್ಲಸ್ ತುದಿಗೆ ಸೇರಿರುತ್ತದೆ. ಅದು ಸರ್ಕ್ಯೂಟ್ ಬೋರ್ಡಿನ ಅಂಚಿನಲ್ಲಿರುವ ಲೋಹದ ಪಟ್ಟಿಗೆ ತಾಗಿದ ಕ್ಷಣ, ಬಟನ್ ಒತ್ತಲಾಗಿದೆ ಎಂದು ಚಿಪ್ಪಿಗೆ ತಿಳಿಯುತ್ತದೆ. ಕಡ್ಡಿ, ನಾಲಿಗೆ, ಪಟ್ಟಿ ಎಂಬ ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ಹೊರಗಿನಿಂದ ನೋಡುವವರಿಗೆ ಕಾಣುವ ಲಕ್ಷಣ ಒಂದೇ, ಬಟನ್ ಕೆಲಸ ಮಾಡುತ್ತಿಲ್ಲ ಎಂಬುದು. ಬಹಳ ಮಂದಿ ಇಲ್ಲಿಯೇ ಎಡವುತ್ತಾರೆ. ಯಾವ ಕೊಂಡಿ ಎಂದು ನೋಡದೆ ಎಲ್ಲದಕ್ಕೂ ಸ್ಪ್ರೇ ಹೊಡೆಯುತ್ತಾರೆ. ನಾನೂ ಪೂರ್ತಿ ಹೊರತಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ಹಿಂಬದಿಯ ಸ್ಟೀಲ್ ಮುಚ್ಚಳಕ್ಕೆ ಪ್ಲಸ್ ತಲೆಯ ನಾಲ್ಕು ಸಣ್ಣ ಸ್ಕ್ರೂಗಳಿವೆ. ಅವುಗಳ ತಲೆಗಳಲ್ಲಿ ಗದ್ದೆಯ ಕೆಸರು ಒಣಗಿ ಸಿಮೆಂಟಿನಂತೆ ಕೂತಿತ್ತು. ಹಾಗೆಯೇ ಸ್ಕ್ರೂಡ್ರೈವರ್ ಒತ್ತಿ ತಿರುಗಿಸಿದರೆ ತಲೆ ಸವೆದುಹೋಗುವುದು ಖಂಡಿತ ಎನ್ನಿಸಿ, ಮೊದಲು ಹೊಲಿಗೆ ಸೂಜಿಯಿಂದ ಪ್ರತಿ ಗೀರನ್ನೂ ಕೆರೆದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಆಮೇಲೆ ಬಿಚ್ಚಿದೆ. ಮುಚ್ಚಳವನ್ನು ಎತ್ತಿದಾಗ ಅದರ ಅಂಚಿನ ರಬ್ಬರ್ ರಿಂಗ್ ತೋಡಿನಲ್ಲಿ ಚಪ್ಪಟೆಯಾಗಿ ಗಟ್ಟಿಯಾಗಿತ್ತು. ಮುಚ್ಚಳದ ಒಳಮೈಗೆ ಅಂಟಿಸಿರುವ ದುಂಡನೆಯ ಹಿತ್ತಾಳೆ ಬಣ್ಣದ ಬಿಲ್ಲೆಯೇ ಅಲಾರಾಮಿನ ಧ್ವನಿ ಹೊರಡಿಸುವ ಪೀಜೋ. ಅದಕ್ಕೆ ಯಂತ್ರಭಾಗದಿಂದ ಮೇಲೆದ್ದ ಒಂದು ಕೂದಲೆಳೆಯ ಸ್ಪ್ರಿಂಗ್ ತಾಗಿರುತ್ತದೆ. ಆ ಸ್ಪ್ರಿಂಗ್ ಎಲ್ಲಿಗೂ ಅಂಟಿರುವುದಿಲ್ಲ, ಸುಮ್ಮನೆ ತೂತಿನಲ್ಲಿ ನಿಂತಿರುತ್ತದೆ. ಅದನ್ನು ಮೊದಲೇ ಚಿಮಟದಿಂದ ತೆಗೆದು ಸ್ಟೀಲ್ ಬಟ್ಟಲಿನಲ್ಲಿ ಹಾಕಿಟ್ಟೆ.

ಯಂತ್ರಭಾಗವನ್ನು ಹೊರತೆಗೆದು, ಸೆಲ್ ಅದರಲ್ಲೇ ಇರುವಂತೆ, ಬಿಳಿ ಕಾಗದದ ಮೇಲೆ ಮಗುಚಿಟ್ಟು ಪರೀಕ್ಷೆ ಶುರುಮಾಡಿದೆ. ಮೊದಲ ಪರೀಕ್ಷೆ ಹಲ್ಲುಕಡ್ಡಿಯದು. ಕಡ್ಡಿಯ ತುದಿಯಿಂದ ತಗಡಿನ ನಾಲಿಗೆಯನ್ನು ಮೆಲ್ಲಗೆ ಒಳಕ್ಕೆ ಒತ್ತಿದಾಗ ವಾಚು ಸ್ಪಂದಿಸಿದರೆ, ದೋಷ ಹೊರಗಿನ ಬಟನ್ ಕಡ್ಡಿಯಲ್ಲಿದೆ ಎಂದರ್ಥ. ಸ್ಪಂದಿಸದಿದ್ದರೆ ಎರಡನೆಯ ಪರೀಕ್ಷೆ: ಲೋಹದ ಚಿಮಟದ ಒಂದು ತುದಿಯನ್ನು ಹಿಂಬದಿಯ ತಗಡಿಗೂ ಇನ್ನೊಂದನ್ನು ಬೋರ್ಡಿನ ಅಂಚಿನ ಪಟ್ಟಿಗೂ ತಾಗಿಸಬೇಕು. ಆಗ ಕೆಲಸ ಮಾಡಿದರೆ ಚಿಪ್ ಸರಿಯಾಗಿದೆ, ನಾಲಿಗೆ ಮತ್ತು ಪಟ್ಟಿಯ ನಡುವೆ ಏನೋ ಅಡ್ಡಿಯಿದೆ. ಆಗಲೂ ಮಾಡದಿದ್ದರೆ ಮಾತ್ರ ಬೋರ್ಡಿನ ಬಗ್ಗೆ ಚಿಂತಿಸಬೇಕು. ಬಲಗಡೆಯ ನಾಲಿಗೆ ಹತ್ತಕ್ಕೆ ಹತ್ತು ಸಲ ಸ್ಪಂದಿಸಿತು. ದೀಪದ ನಾಲಿಗೆ ಒಮ್ಮೊಮ್ಮೆ ಕೇಳಿತು, ಚಿಮಟದಿಂದ ಸ್ವಲ್ಪ ಕೆರೆದಂತೆ ತಾಗಿಸಿದಾಗ ಎಡಬದಿಯ ಹಸಿರು ದೀಪ ನಿಚ್ಚಳವಾಗಿ ಹತ್ತಿತು. ವಿಧಾನದ ನಾಲಿಗೆಯನ್ನು ಎಷ್ಟು ಒತ್ತಿದರೂ ಪ್ರಯೋಜನವಾಗಲಿಲ್ಲ, ಚಿಮಟ ತಾಗಿಸಿದ ಕೂಡಲೇ ಅಲಾರಾಮಿನ ಪರದೆ ಬಂತು. ಮೂರೂ ದೋಷಗಳು ರಿಪೇರಿಗೆ ಸಿಕ್ಕುವಂಥವೇ ಎಂದು ಖಾತ್ರಿಯಾಯಿತು. ಚಿಮಟದಿಂದಲೇ ಅಲಾರಾಮನ್ನು ಆರಿಸಿಬಿಡುವ ಆಸೆಯೂ ಆಯಿತು, ಆದರೆ ಅದು ರಿಪೇರಿ ಅಲ್ಲ.

ಬಲಗಡೆಯ ಬಟನ್ನಿಗೆ ಮೊದಲು ಕೈಹಾಕಿದೆ. ಒಳತುದಿಯ ಲಾಕನ್ನು ತೆಗೆಯಬೇಕಾದರೆ ಹೊರಗಿನಿಂದ ಬಟನ್ನನ್ನು ಪೂರ್ತಿ ಒತ್ತಿಹಿಡಿದು, ಒಳಗಿನಿಂದ ಸೂಜಿಯ ಮೊನೆಯಿಂದ ಲಾಕಿನ ತೆರೆದ ಬಾಯಿಯ ಕಡೆಗೆ ತಳ್ಳಬೇಕು. ಈ ಕೆಲಸವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಮಾಡಬೇಕೆಂದು ನನಗೆ ಗೊತ್ತಿತ್ತು. ಚೀಲ ಅಡುಗೆಮನೆಯಲ್ಲಿತ್ತು, ಎದ್ದುಹೋಗಲು ಸೋಮಾರಿತನ. ಲಾಕ್ ಟಿಕ್ ಎಂದು ಹಾರಿತು. ಸರಸ್ವತಿಪುರಂನ ನಮ್ಮ ಹಳೆಯ ಮನೆಯ ನೆಲ ಕೆಂಪು ಗಾರೆಯದು. ಕಪ್ಪು ಬಿದ್ದ ಒಂದು ಮಿಲಿಮೀಟರ್ ಚೂರು ಅದರ ಮೇಲೆ ಹಗಲಿನಲ್ಲಿ ಕಾಣುವುದಿಲ್ಲ. ಮುಕ್ಕಾಲು ಗಂಟೆ ಹುಡುಕಿ ಸೋತ ಮೇಲೆ, ಕಿಟಕಿ ಮುಚ್ಚಿ, ಟಾರ್ಚನ್ನು ನೆಲದ ಮೇಲೆಯೇ ಮಲಗಿಸಿ ಬೆಳಕನ್ನು ನೆಲಕ್ಕೆ ಸವರುವಂತೆ ಬಿಟ್ಟು ನಿಧಾನವಾಗಿ ತಿರುಗಿಸಿದಾಗ, ಧೂಳಿನ ಕಣಗಳಿಗೂ ಉದ್ದುದ್ದ ನೆರಳು ಬಿದ್ದು, ಅವುಗಳ ನಡುವೆ ಇಂಗ್ಲಿಷಿನ ಸಿ ಅಕ್ಷರದ ನೆರಳೊಂದು ಬೀರುವಿನ ಕಾಲಿನ ಬಳಿ ಸಿಕ್ಕಿತು. ಉಳಿದ ಎರಡು ಬಟನ್‌ಗಳಿಗೆ ಚೀಲ ತಂದುಕೊಂಡೆ.

ಹೊರಬಂದ ಕಡ್ಡಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ದೋಷ ಹೇಳಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಸ್ಪ್ರಿಂಗಿನ ಸುರುಳಿಗಳ ನಡುವೆ ಬೂದುಬಣ್ಣದ ಒಂದು ಪದಾರ್ಥ ತುಂಬಿ ಕೊಳವೆಯಂತಾಗಿತ್ತು: ಬೆವರಿನ ಉಪ್ಪು, ಚರ್ಮದ ಜಿಡ್ಡು, ಎಕ್ಕಲು ಮಣ್ಣು ಮೂರೂ ಕಲಸಿ ಒಣಗಿದ್ದು. ಸ್ಪ್ರಿಂಗ್ ಮುದುಡಲು ಜಾಗವಿತ್ತು, ಮತ್ತೆ ಬಿಚ್ಚಿಕೊಳ್ಳಲು ಬಲವಿರಲಿಲ್ಲ. ಓ-ರಿಂಗ್ ಕೂಡ ಒಂದು ಕಡೆ ಚಪ್ಪಟೆಯಾಗಿ ಗಟ್ಟಿಯಾಗಿತ್ತು. ಬೆಚ್ಚನೆಯ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಕಡ್ಡಿಯನ್ನೂ ಸ್ಪ್ರಿಂಗನ್ನೂ ಅರ್ಧ ಗಂಟೆ ನೆನೆಸಿ, ಬ್ರಷ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಒಣಗಿಸಿದೆ. ವಾಚಿನ ಮೈಯಲ್ಲಿ ಕಡ್ಡಿ ಓಡಾಡುವ ತೂತನ್ನು ಹಲ್ಲುಕಡ್ಡಿಗೆ ಹತ್ತಿ ಸುತ್ತಿ ಒರೆಸಿದಾಗ ಐದನೆಯ ಕಡ್ಡಿ ಮಾತ್ರ ಬೆಳ್ಳಗೆ ಹೊರಬಂತು. ಉಗುರುಬಣ್ಣ ತೆಗೆಯುವ ದ್ರವ ಮನೆಯಲ್ಲಿದೆ ಎಂದು ಅದನ್ನು ಬಳಸುವವರುಂಟು. ಅದರಲ್ಲಿ ಅಸಿಟೋನ್ ಇದ್ದರೆ ಪ್ಲಾಸ್ಟಿಕ್ ಗಾಜು ಮಂಕಾಗುವ ಅಪಾಯವಿದೆ, ಆದ್ದರಿಂದ ಅದನ್ನು ದೂರವಿಡುವುದೇ ಸರಿ.

ಓ-ರಿಂಗಿಗೆ ಏನು ಸವರಬೇಕೆಂಬುದರಲ್ಲಿ ನನಗೆ ಗೊಂದಲವಿತ್ತು. ದೇವರಾಜ ಮಾರುಕಟ್ಟೆಯ ಮುಂದಿನ ಚಿಕ್ಕ ಗಡಿಯಾರದ ಆಸುಪಾಸಿನಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಕೂತು ಬಹಳ ವರ್ಷಗಳಿಂದ ವಾಚು ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಹೊಸ ಓ-ರಿಂಗ್‌ಗಳನ್ನು ಕೇಳಲು ಹೋದಾಗ, ಕಣ್ಣಿಗೆ ಸಿಕ್ಕಿಸಿದ್ದ ಮಸೂರವನ್ನು ತೆಗೆಯದೆಯೇ ಅವರು ಹೇಳಿದ್ದು ಒಂದೇ ಮಾತು: "ಎಣ್ಣೆ ಮಾತ್ರ ಮುಟ್ಟಿಸ್ಬೇಡಿ ಸ್ವಾಮಿ, ಸಿಲಿಕಾನ್ ಗ್ರೀಸ್ ಹಾಕಿ, ಅದೂ ಕಾಣೋ ಹಾಗೆ ಹಾಕ್ಬೇಡಿ." ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಹರಿದು ನಾಲಿಗೆ ಮತ್ತು ಪಟ್ಟಿಯ ನಡುವೆ ಸೇರುತ್ತದೆ, ಧೂಳನ್ನೂ ಕರೆಯುತ್ತದೆ. ತೆಂಗಿನೆಣ್ಣೆಯ ವಿಷಯ ಇನ್ನೂ ಸೊಗಸು, ನಮ್ಮ ಮೈಸೂರಿನ ಮಾರ್ಗಶಿರದ ಬೆಳಗಿನಲ್ಲಿ ಬಾಟಲಿಯೊಳಗೇ ಹೆಪ್ಪುಗಟ್ಟುವ ಎಣ್ಣೆ ಕೂದಲೆಳೆಯಷ್ಟು ಸಂದಿನಲ್ಲಿ ಬಟನ್ನನ್ನು ಸಲೀಸಾಗಿ ಓಡಾಡಿಸೀತೆಂದು ನಿರೀಕ್ಷಿಸುವಂತಿಲ್ಲ. ಅವರ ಡಬ್ಬಿಯಲ್ಲಿ ಅಳತೆಗೆ ಹೊಂದುವ ಮೂರು ಓ-ರಿಂಗ್‌ಗಳು ಸಿಕ್ಕವು. ಬೆರಳ ತುದಿಗೆ ಗ್ರೀಸ್ ಸವರಿ, ಅದನ್ನು ಒರೆಸಿ, ಬೆರಳಲ್ಲಿ ಉಳಿದಷ್ಟರಲ್ಲೇ ರಿಂಗನ್ನು ಉರುಳಿಸಿ ಹಾಕಿದೆ. ಬಲಗಡೆಯ ಬಟನ್ ಅಲ್ಲಿಂದಾಚೆಗೆ ಚಿಮ್ಮಿಕೊಂಡು ಹೊರಬರತೊಡಗಿತು.

ದೀಪದ ಬಟನ್ನಿನ ಪಟ್ಟಿಯ ಮೇಲೆ ಕಿಲುಬು ಹಿಡಿದಿತ್ತು. ಸತ್ತ ಓ-ರಿಂಗನ್ನು ದಾಟಿ ಒಳಗಿಳಿದ ಬೆವರು ತಾಮ್ರವನ್ನು ಹಸಿರಾಗಿಸಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಮಲ್ಟಿಮೀಟರಿನ ಮೊನೆಗಳನ್ನು ನಾಲಿಗೆಗೂ ಪಟ್ಟಿಗೂ ಇಟ್ಟು ನಾಲಿಗೆಯನ್ನು ಒತ್ತಿದಾಗ ಅಂಕಿ ಒಂದೆಡೆ ನಿಲ್ಲದೆ ಕುಣಿಯುತ್ತಿತ್ತು. ನಾಲಿಗೆಯನ್ನು ಬಗ್ಗಿಸಿ ಎತ್ತುವ ಧೈರ್ಯ ನನಗಿರಲಿಲ್ಲ, ಆ ತಗಡು ಎರಡು ಮೂರು ಬಾರಿ ಬಗ್ಗಿದರೆ ಮುರಿಯುತ್ತದೆ. ಅದರ ಬದಲು ಒಂದು ದಪ್ಪನೆಯ ಮದುವೆ ಆಮಂತ್ರಣ ಪತ್ರಿಕೆಯ ಅಂಚಿನಿಂದ ಎರಡು ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ತುದಿಯನ್ನು ಆಲ್ಕೋಹಾಲ್‌ನಲ್ಲಿ ನೆನೆಸಿ, ನಾಲಿಗೆ ಮತ್ತು ಲೋಹದ ನಡುವೆ ತೂರಿಸಿ, ನಾಲಿಗೆಯನ್ನು ಹಲ್ಲುಕಡ್ಡಿಯಿಂದ ಮೆತ್ತಗೆ ಒತ್ತಿಹಿಡಿದು ಎಳೆದೆ. ಮೊದಲ ಎಳೆತಕ್ಕೆ ಕಾಗದದ ಮೇಲೆ ಹಸಿರು ಗೆರೆ, ಎರಡನೆಯದಕ್ಕೆ ಕಂದು, ಏಳನೆಯದಕ್ಕೆ ಏನೂ ಇಲ್ಲ. ಒಣಗಿದ ಮೇಲೆ ಮೀಟರು ಒಂದು ಓಮ್‌ಗಿಂತ ಕಡಿಮೆ ತೋರಿಸಿ ಅಲ್ಲೇ ನಿಂತಿತು. ಪೆನ್ಸಿಲ್ ಅಳಿಸುವ ರಬ್ಬರಿನಿಂದಲೂ ಕಿಲುಬು ಹೋಗುತ್ತದೆ, ಆದರೆ ಅದರ ಪುಡಿ ಪರದೆಗೂ ಬೋರ್ಡಿಗೂ ನಡುವಿನ ಸಂಪರ್ಕದ ರಬ್ಬರ್ ಪಟ್ಟಿಯ ಬಳಿ ಸೇರಿದರೆ ಅಂಕಿಗಳ ಗೆರೆಗಳೇ ಮಾಯವಾಗುವ ಹೊಸ ರೋಗ ಶುರುವಾಗಬಹುದು.

ವಿಧಾನದ ಬಟನ್ನಿಗೂ ಇದೇ ಮದ್ದು ಎಂದು ಭಾವಿಸಿದ್ದು ನನ್ನ ತಪ್ಪು. ಅಲ್ಲಿ ಕಿಲುಬು ಇದೆಯೇ ಎಂದು ಸರಿಯಾಗಿ ನೋಡದೆ, ಪಕ್ಕದ ಬಟನ್ನಿಗೆ ಇದ್ದದ್ದು ಇದಕ್ಕೂ ಇರುತ್ತದೆ ಎಂದುಕೊಂಡು ಕಾಗದದ ಪಟ್ಟಿ ಎಳೆದೆ. ಕಾಗದ ಮೊದಲಿನಿಂದಲೂ ಬೆಳ್ಳಗೇ ಬರುತ್ತಿತ್ತು. ಅದು ಸ್ವಚ್ಛವಾಗಿರುವುದರ ಗುರುತೆಂದು ಸಂತೋಷಪಟ್ಟು, ಎಲ್ಲವನ್ನೂ ಜೋಡಿಸಿ, ನಾಲ್ಕು ಸ್ಕ್ರೂ ಬಿಗಿದು ಒತ್ತಿದರೆ ಬಟನ್ ಮೊದಲಿನಂತೆಯೇ ಸತ್ತಿತ್ತು. ಬೆಳ್ಳಗಿನ ಕಾಗದ ಹೇಳುತ್ತಿದ್ದುದು, ಅಲ್ಲಿ ನಾಲಿಗೆ ಲೋಹಕ್ಕೆ ತಾಗುತ್ತಲೇ ಇಲ್ಲ ಎಂಬುದನ್ನು.

ಮಾರನೆಯ ದಿನ ಬೆಳಗಿನ ಬಿಸಿಲಿನಲ್ಲಿ ಮತ್ತೆ ಬಿಚ್ಚಿ, ಈ ಸಲ ಯಂತ್ರಭಾಗವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ನೋಡಿದೆ. ಹಿಂಬದಿಯ ತಗಡು ಸಮತಟ್ಟಾಗಿರಲಿಲ್ಲ. ಎಡಗಡೆಯ ಕೆಳಮೂಲೆಯಲ್ಲಿ ಅದರ ಕೊಕ್ಕೆ ಪ್ಲಾಸ್ಟಿಕ್ ಚೌಕಟ್ಟಿನ ಹಲ್ಲಿನಿಂದ ಕಳಚಿಕೊಂಡು ಮೂಲೆ ಎದ್ದಿತ್ತು. ಮೂಲೆ ಎದ್ದಾಗ ಅದರ ಜೊತೆಗೇ ನಾಲಿಗೆಯೂ ಮೇಲೇರಿ, ಒತ್ತಿದರೆ ಅದರ ತುದಿ ಬೋರ್ಡಿನ ಪಟ್ಟಿಗೆ ತಾಗುವ ಬದಲು ಅದಕ್ಕಿಂತ ಮೇಲಿನ ಪ್ಲಾಸ್ಟಿಕ್ಕಿಗೆ ತಾಗುತ್ತಿತ್ತು. ತಗಡು ತಾನಾಗಿ ಏಳುವುದಿಲ್ಲವಲ್ಲ ಎಂದು ಸೆಲ್ಲನ್ನು ಹೊರತೆಗೆದು ಅದರ ಬೆನ್ನನ್ನು ಓದಿದೆ: ಸಿಆರ್2025. ಈ ವಾಚಿಗೆ ಬೇಕಾದುದು ಸಿಆರ್2016. ಎರಡೂ 3 ವೋಲ್ಟ್, ಎರಡರ ವ್ಯಾಸವೂ 20 ಮಿಲಿಮೀಟರ್, ಆದರೆ ಹೆಸರಿನ ಕೊನೆಯ ಎರಡು ಅಂಕಿಗಳು ದಪ್ಪವನ್ನು ಹೇಳುತ್ತವೆ, ಒಂದು 2.5 ಮಿಲಿಮೀಟರ್, ಇನ್ನೊಂದು 1.6. ಆ 0.9 ಮಿಲಿಮೀಟರ್ ಹೆಚ್ಚುವರಿ ದಪ್ಪವನ್ನು ಯಾರೋ ಬಲವಂತವಾಗಿ ಒಳಸೇರಿಸಿದ್ದರು. ವಾಚು ಓಡುತ್ತಿತ್ತು, ಆದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ನಾನು ಮೊದಲ ದಿನವೇ ಸೆಲ್ ತೆಗೆದಿದ್ದರೆ ಒಂದು ಸಂಜೆ ಉಳಿಯುತ್ತಿತ್ತು. ಸೆಲ್ ಒಳಗಿರುವಾಗಲೇ ಆಲ್ಕೋಹಾಲ್ ಬಳಸಿದ್ದೂ ಮೆಚ್ಚುವಂಥ ಕೆಲಸವಲ್ಲ.

ಮಾವನವರಿಗೆ ಫೋನ್ ಮಾಡಿ ಸೆಲ್ ಯಾವಾಗ ಹಾಕಿಸಿದ್ದು ಎಂದು ಕೇಳಿದೆ. ಮೂರು ವರ್ಷವಾಗಿರಬೇಕು, ಜಾತ್ರೆಗೆ ಹೋದಾಗ ಒಂದು ಅಂಗಡಿಯಲ್ಲಿ ಎಂದರು. "ಆವತ್ತೇ ಅವ್ರು ಒತ್ತಿ ಒತ್ತಿ ಟೈಮ್ ಕೂರಿಸ್ಕೊಟ್ರು. ಆಮೇಲೆ ಅದು ಕೇಳ್ನೇ ಇಲ್ಲ." ಅಲ್ಲಿಗೆ ಈ ಬಟನ್ನಿನ ಕಥೆ ಪೂರ್ತಿಯಾಯಿತು. ಮಣ್ಣೂ ಬೆವರೂ ಮಾಡಿದ್ದು ಉಳಿದೆರಡನ್ನು, ಇದನ್ನು ಕೆಡಿಸಿದ್ದು ಒಂದು ದಪ್ಪ ಸೆಲ್.

ತಗಡನ್ನು ಚೌಕಟ್ಟಿನಿಂದ ಬಿಡಿಸಿ, ಗಾಜಿನ ಚೂರಿನ ಮೇಲೆ ಬೋರಲಾಗಿಟ್ಟು, ಉಬ್ಬಿದ ಭಾಗವನ್ನು ಮರದ ಸ್ಪೂನಿನ ಬೆನ್ನಿನಿಂದ ಸ್ವಲ್ಪ ಸ್ವಲ್ಪವಾಗಿ ಒತ್ತಿ ಸಮಮಾಡಿದೆ. ಪೂರ್ತಿ ಸಮವಾಗಲಿಲ್ಲ, ಆದರೆ ಕೊಕ್ಕೆ ಹಲ್ಲಿಗೆ ಸಿಕ್ಕಿ ಚಿಟಕ್ಕೆಂದು ಕೂತಿತು. ಶಿವರಾಂಪೇಟೆಯಿಂದ ತಂದ ಸಿಆರ್2016 ಸೆಲ್ ಹಾಕಿದಾಗ ಪರದೆಯ ಮೇಲೆ ಅರ್ಥವಿಲ್ಲದ ಗೆರೆಗಳು ಮೂಡಿ ನಿಂತವು. ಇದಕ್ಕೆ ಹೆದರಬೇಕಾಗಿಲ್ಲ. ಸೆಲ್ ಬದಲಿಸಿದ ಮೇಲೆ ಚಿಪ್ಪನ್ನು ಮೊದಲಿನಿಂದ ಎಬ್ಬಿಸಬೇಕು, ಅದಕ್ಕೆಂದೇ ಹಿಂಬದಿಯಲ್ಲಿ ಎಸಿ ಎಂದು ಗುರುತು ಮಾಡಿದ ಸಣ್ಣ ಲೋಹದ ಚುಕ್ಕಿ ಇರುತ್ತದೆ. ಆ ಚುಕ್ಕಿಯನ್ನೂ ಸೆಲ್ಲಿನ ಪ್ಲಸ್ ಮೈಯನ್ನೂ ಚಿಮಟದಿಂದ ಎರಡು ಸೆಕೆಂಡು ಒಟ್ಟಿಗೆ ಮುಟ್ಟಿಸಿದೆ, ಅಂಕಿಗಳು ಸರಿಯಾಗಿ ಓಡತೊಡಗಿದವು. ಮುಚ್ಚಳ ಹಾಕುವ ಮೊದಲೇ ಮೂರೂ ನಾಲಿಗೆಗಳನ್ನು ಹಲ್ಲುಕಡ್ಡಿಯಿಂದ ಇಪ್ಪತ್ತು ಇಪ್ಪತ್ತು ಸಲ ಒತ್ತಿ ನೋಡಿದೆ, ಒಂದೂ ತಪ್ಪಲಿಲ್ಲ. ಮುಚ್ಚಳ ಹಾಕಿದ ಮೇಲೆ ಬಟನ್‌ಗಳಿಂದ ಮತ್ತೆ ಅಷ್ಟೇ ಸಲ. ಎಲ್ಲವೂ ಸರಿ, ಅಲಾರಾಂ ಮಾತ್ರ ಮೂಕ. ಪೀಜೋಗೆ ತಾಗುವ ಕೂದಲೆಳೆಯ ಸ್ಪ್ರಿಂಗ್ ಇನ್ನೂ ಸ್ಟೀಲ್ ಬಟ್ಟಲಿನಲ್ಲೇ ಇತ್ತು. ಮೂರನೆಯ ಬಾರಿ ನಾಲ್ಕು ಸ್ಕ್ರೂ ಬಿಚ್ಚಿದೆ.

ಮುಚ್ಚಳದ ರಬ್ಬರಿಗೆ ಗ್ರೀಸ್ ಸವರಿ ಮೊದಲಿನದನ್ನೇ ಹಾಕಿದ್ದೇನೆ, ಸರಿಯಾದ ಅಳತೆಯದು ಸಿಗಲಿಲ್ಲ. ಆದ್ದರಿಂದ ಈ ವಾಚು ಮಳೆಹನಿಯನ್ನು ತಡೆದೀತು, ನಾಲೆಯಲ್ಲಿ ಮುಳುಗಿದರೆ ನಾನು ಜವಾಬ್ದಾರನಲ್ಲ ಎಂದು ಮಾವನವರಿಗೆ ಹೇಳಿಬಿಟ್ಟಿದ್ದೇನೆ. ದೀಪದ ಬಟನ್ ಉಳಿದೆರಡಕ್ಕಿಂತ ತುಸು ಗಟ್ಟಿಯಾಗಿದೆ. ಅದರ ಹೊಸ ಓ-ರಿಂಗ್ ಒಂದು ಕೂದಲೆಳೆ ದಪ್ಪ ಎಂದು ನನ್ನ ಊಹೆ, ಹಾಗೆಯೇ ಬಿಟ್ಟಿದ್ದೇನೆ.

ವಾಚನ್ನು ಕೊಡುವ ಮೊದಲು ಒಂದು ತಿಂಗಳು ನನ್ನ ಕೈಯಲ್ಲೇ ಕಟ್ಟಿಕೊಂಡಿದ್ದೆ. ತಯಾರಕರು ಈ ಮಾದರಿಗೆ ಹೇಳುವ ನಿಖರತೆ ತಿಂಗಳಿಗೆ 30 ಸೆಕೆಂಡು ಹಿಂದೆ ಅಥವಾ ಮುಂದೆ. ಫೋನಿನ ಸಮಯಕ್ಕೆ ಸೆಕೆಂಡು ಹೊಂದಿಸಿ ಇಟ್ಟಿದ್ದು, ಮೂವತ್ತನೆಯ ದಿನ 19 ಸೆಕೆಂಡು ಮುಂದಿತ್ತು. ಹನ್ನೊಂದು ನಿಮಿಷವೆಂದರೆ 660 ಸೆಕೆಂಡು. ತಿಂಗಳಿಗೆ 19ರಂತೆ ಅಷ್ಟು ಮುಂದೆ ಹೋಗಲು 35 ತಿಂಗಳು ಹತ್ತಿರ ಹಿಡಿಯುತ್ತದೆ. ಸೆಲ್ ಹಾಕಿಸಿ ಮೂರು ವರ್ಷವಾಗಿರಬೇಕು ಎಂದು ಮಾವನವರು ಹೇಳಿದ ಲೆಕ್ಕ ಒಂದು ತಿಂಗಳ ವ್ಯತ್ಯಾಸದಲ್ಲಿ ಸರಿಹೋಯಿತು.